ಅಳಿಯ ಸ್ಟ್ರೈಕರ್, ಕೋಚ್ ಅವನನ್ನು ರೈಟ್ ಬ್ಯಾಕ್ ಮಾಡ್ತೇನೆ ಅಂತಾರೆ. ಎಂತ ಮಾಡುವುದು?

ಸುರತ್ಕಲ್ ಮಾವ:

ಎಲ್ಲರಿಗೂ ನಮಸ್ಕಾರ. ಟಿವಿಯಲ್ಲಿ ಮ್ಯಾಚ್ ನೋಡುವುದು ಬಿಟ್ಟರೆ ಫುಟ್ಬಾಲಿನ ಒಳಗಿನ ವಿಷಯ ನನಗೆ ಜಾಸ್ತಿ ಗೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಅಕ್ಕನ ಮಗ ಮಂಗಳೂರಿನಲ್ಲಿ ಫಸ್ಟ್ ಪಿಯುಸಿ ಕಾಮರ್ಸ್ ಓದುತ್ತಿದ್ದಾನೆ. ವಯಸ್ಸು 16. ಚಿಕ್ಕಂದಿನಿಂದ ಸ್ಟ್ರೈಕರ್ ಆಗಿಯೇ, ಅಂದರೆ ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯುವವನಾಗಿಯೇ ಆಡಿದವನು, ಹೈಸ್ಕೂಲಿನಲ್ಲಿ ಟೀಮಿನ ಅರ್ಧಕ್ಕರ್ಧ ಗೋಲು ಇವನದ್ದೇ. ಭಾವ ಗಲ್ಫಿನಲ್ಲಿ ಇರುವುದರಿಂದ ಶೂ ಕೊಡಿಸುವುದು, ಮಳೆಯಲ್ಲಿ ನೆಹರೂ ಮೈದಾನಕ್ಕೆ ಬಿಡುವುದು, ವಾಪಸ್ ಕರೆದುಕೊಂಡು ಬರುವುದು, ಕೆಸರು ಮೆತ್ತಿದ ಜೆರ್ಸಿ ನೋಡಿ ಅಕ್ಕ ಬೈಯುವಾಗ ನಡುವೆ ನಿಲ್ಲುವುದು, ಇದೆಲ್ಲ ನನ್ನ ಇಲಾಖೆ.

ಈ ವರ್ಷ ಹೊಸ ಕೋಚ್ ಬಂದಿದ್ದಾರೆ. ಒಳ್ಳೆಯವರೇ, ಬೈಯುವುದು ಕಡಿಮೆ, ಹೇಳಿಕೊಡುವುದು ಜಾಸ್ತಿ. ಅವರು ಇವನನ್ನು ಕರೆದು, ಇನ್ನು ಮೇಲೆ ನೀನು ರೈಟ್ ಬ್ಯಾಕ್, ಅಂದರೆ ಹಿಂದಿನ ಸಾಲಿನ ಬಲಬದಿಯ ಡಿಫೆಂಡರ್, ಎಂದಿದ್ದಾರೆ. ಕಾರಣವನ್ನೂ ಹೇಳಿದ್ದಾರೆ. ಓಟ ಚೆನ್ನಾಗಿದೆಯಂತೆ, ಸುಸ್ತಾಗುವುದಿಲ್ಲವಂತೆ, ಎಡಗಾಲು ಮಾತ್ರ ಏನೂ ಸಾಲದಂತೆ. ಇಷ್ಟೇ ಆಗಿದ್ದರೆ ಹುಡುಗ ಸಹಿಸುತ್ತಿದ್ದನೋ ಏನೋ. ನಮ್ಮ ದೇಶದಲ್ಲಿ ಸ್ಟ್ರೈಕರ್‌ಗೆ ಕೆಲಸ ಇಲ್ಲ ಮಗಾ, ಆ ಜಾಗಕ್ಕೆ ಫಾರಿನರ್ ಬರುತ್ತಾನೆ ಎಂದುಬಿಟ್ಟರು. ಅವತ್ತಿನಿಂದ ಮುಖ ಊದಿಸಿಕೊಂಡಿದ್ದಾನೆ. ಟೀಮ್ ಬಿಡುತ್ತೇನೆ ಅನ್ನುತ್ತಾನೆ.

ಕೋಚ್ ಹೇಳಿದ್ದು ನಿಜವಾ? ಒಮ್ಮೆ ಹಿಂದೆ ಹೋದವನು ಮತ್ತೆ ಮುಂದೆ ಬರುವುದುಂಟಾ? ಮತ್ತೆ, ಒಬ್ಬ ಸ್ಟ್ರೈಕರ್ ಆಗುತ್ತಾನೋ ಇಲ್ಲವೋ ಎಂದು ಯಾವ ವಯಸ್ಸಿಗೆ ಗೊತ್ತಾಗುತ್ತದೆ? ಸುಮ್ನೆ ಸಮಾಧಾನ ಹೇಳಬೇಡಿ, ಇದ್ದದ್ದು ಇದ್ದ ಹಾಗೆ ಹೇಳಿ.

ಬೆಂಗ್ರೆ ಬೆಂಚ್:

ಮಾವ, ನಾನು ಬೆಂಗಳೂರು ಲೀಗಿನಲ್ಲಿ ಕೆಲವು ಸೀಸನ್ ಆಡಿದವನು, ಅದೂ ಸ್ಟ್ರೈಕರ್ ಆಗಿಯೇ. ಈಗ ಬಂದರಿನಲ್ಲಿ ಬೇರೆ ಕೆಲಸ. ನಿಮ್ಮ ಕೋಚ್ ಹೇಳಿದ ಮಾತು ಕಹಿ, ಆದರೆ ಸುಳ್ಳಲ್ಲ.

ನಮ್ಮ ದೇಶದ ದೊಡ್ಡ ಲೀಗ್ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಶುರುವಾದದ್ದು 2014ರಲ್ಲಿ. ಅಲ್ಲಿಂದ 2024-25ರ ಸೀಸನ್‌ವರೆಗೆ ಎಲ್ಲರಿಗಿಂತ ಜಾಸ್ತಿ ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಒಂದು ಸಲ ಕೂಡ ನಮ್ಮವನಿಗೆ ಸಿಕ್ಕಿಲ್ಲ. ಎಲಾನೊ, ಮೆಂಡೋಜಾ, ಮಾರ್ಸೆಲಿನ್ಯೊ, ಆಮೇಲೆ ಗೋವಾದ ಕೊರೊ ಎರಡು ಸಲ, ಒಗ್ಬೆಚೆ, ಡಿಯಾಮಂಟಾಕೊಸ್, ಕಡೆಗೆ ನಾರ್ತ್‌ಈಸ್ಟ್‌ನ ಅಜರಾಯಿ ಒಂದೇ ಸೀಸನ್ನಿನಲ್ಲಿ 23 ಗೋಲು. ಪಟ್ಟಿ ಹೀಗೇ ಹೋಗುತ್ತದೆ. ಶುರುವಿನಲ್ಲಿ ಒಂದು ಟೀಮಿನ ಆರು ಫಾರಿನ್ ಆಟಗಾರರು ಒಟ್ಟಿಗೆ ಮೈದಾನದಲ್ಲಿ ಇರಬಹುದಿತ್ತು. ಆಮೇಲೆ ಐದು ಮಾಡಿದರು. 2021-22ರಿಂದ ನಾಲ್ಕು. ಕ್ಲಬ್ಬಿನವರು ಆ ನಾಲ್ಕನ್ನು ಎಲ್ಲಿ ಹಾಕುತ್ತಾರೆ ಎಂದು ನೋಡಿ. ಮುಂದೆ ಒಬ್ಬ, ನಡುವೆ ಒಬ್ಬ, ಡಿಫೆನ್ಸಿನ ಮಧ್ಯದಲ್ಲಿ ಒಬ್ಬ. ಫಾರಿನಿನಿಂದ ಯಾರಾದರೂ ರೈಟ್ ಬ್ಯಾಕ್ ತರಿಸುತ್ತಾರಾ? ಬಹಳ ಅಪರೂಪ. ಹಾಗಾಗಿ ಬದಿಯ ಜಾಗಗಳೆಲ್ಲ ನಮ್ಮ ಹುಡುಗರಿಗೆ ಉಳಿಯುತ್ತವೆ.

ನಮ್ಮ ಒಳ್ಳೊಳ್ಳೆಯ ಸ್ಟ್ರೈಕರ್‌ಗಳೂ ಹೀಗೆ ಬದಿಗೆ ಸರಿದವರೇ. ಮೋಹನ್ ಬಾಗಾನ್‌ನಲ್ಲಿ ಮನ್‌ವೀರ್ ಸಿಂಗ್ ಬಲಬದಿಯಲ್ಲಿ ಓಡುತ್ತಾನೆ. ಮುಂದೆ ಆಡುತ್ತಿದ್ದ ಮಲಪ್ಪುರಂನ ಆಶಿಕ್ ಕುರುಣಿಯನ್‌ನನ್ನು ಬೆಂಗಳೂರು ಎಫ್‌ಸಿಯವರು ಲೆಫ್ಟ್ ಬ್ಯಾಕ್ ಆಗಿ ಆಡಿಸಿದರು. ಅಷ್ಟೆಲ್ಲ ಯಾಕೆ, ಸುನಿಲ್ ಛೆಟ್ರಿಯೇ ಬೆಂಗಳೂರಿನಲ್ಲಿ ಎಷ್ಟೋ ಸಲ ಎಡಬದಿಯಲ್ಲಿ ಆಡಿದ್ದಾನೆ. 2017-18ರಲ್ಲಿ ನಡುವೆ ಫಾರಿನ್ ಸ್ಟ್ರೈಕರ್ ಮಿಕು, ಬದಿಯಲ್ಲಿ ಛೆಟ್ರಿ. ಮಿಕು 15 ಗೋಲು, ಛೆಟ್ರಿ 14. ಬದಿಗೆ ಹೋದ ಕೂಡಲೇ ಗೋಲು ನಿಂತುಹೋಗುತ್ತದೆ ಎಂದೇನೂ ಇಲ್ಲ.

ನಾನು ನನ್ನ ಅನುಭವದಿಂದ ಹೇಳುವ ಮುಖ್ಯ ಮಾತು ಬೇರೆ. 17ರಿಂದ 21ರವರೆಗೆ ಹುಡುಗನಿಗೆ ಬೇಕಾದದ್ದು ಆಟದ ಸಮಯ. ಬೆಂಚಿನಲ್ಲಿರುವ ಸ್ಟ್ರೈಕರ್‌ನನ್ನು ಯಾವಾಗ ಇಳಿಸುತ್ತಾರೆ ಹೇಳಿ? ಟೀಮ್ ಸೋಲುತ್ತಿರುವಾಗ, ಕೊನೆಯ ಹತ್ತು ನಿಮಿಷಕ್ಕೆ. ಎಲ್ಲರೂ ಸುಸ್ತಾಗಿರುತ್ತಾರೆ, ಚೆಂಡು ಸುಮ್ನೆ ಮೇಲಿನಿಂದ ಬರುತ್ತಾ ಇರುತ್ತದೆ, ಎದುರಿನವರು ಎಲ್ಲರೂ ಬಾಕ್ಸಿನ ಒಳಗೇ ನಿಂತಿರುತ್ತಾರೆ. ಆ ಹತ್ತು ನಿಮಿಷದಲ್ಲಿ ಗೋಲು ಬರಲಿಲ್ಲ ಎಂದರೆ ಇವನಿಂದ ಆಗುವುದಿಲ್ಲ ಎಂಬ ಹೆಸರು. ಅದೇ ರೈಟ್ ಬ್ಯಾಕ್ ಆದವನು 90 ನಿಮಿಷ ಆಡುತ್ತಾನೆ. ತಪ್ಪು ಮಾಡುತ್ತಾನೆ, ಕಲಿಯುತ್ತಾನೆ, ಮುಂದಿನ ವಾರ ಮತ್ತೆ ಆಡುತ್ತಾನೆ. ನನ್ನ ಜೊತೆ ಊರಿನಿಂದ ಹೋದವರಲ್ಲಿ ಜಾಸ್ತಿ ವರ್ಷ ಆಡಿದವರೆಲ್ಲ ಹಿಂದಿನ ಸಾಲಿನವರು. ನನ್ನ ಈ ಹೆಸರು ಎಲ್ಲಿಂದ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಕಂಕನಾಡಿ ಕವರ್ ಡ್ರೈವ್:

ಸುರತ್ಕಲ್‌ನವರು ಅಂತೀರಿ. ಕೆ.ಎಲ್. ರಾಹುಲ್ ಬೆಳೆದ ಊರು. ಕೈಗೆ ಬ್ಯಾಟ್ ಕೊಡುವುದು ಬಿಟ್ಟು ಎಂತ ಮಾರಾಯ್ರೆ ಇದು 😄

ಅಜ್ಜರಕಾಡು ಗ್ಯಾಲರಿ:

ಕವರ್ ಡ್ರೈವ್ ಅವರೇ, ನಿಮಗೆ ಬೇರೆ ಥ್ರೆಡ್ ಉಂಟು, ಅಲ್ಲಿಗೆ ಹೋಗಿ.

ಬೆಂಗ್ರೆ ಅಣ್ಣನ ಲೆಕ್ಕ ಸರಿ ಇದೆ, ಆದರೆ ಆ ಲೆಕ್ಕ ಹಿಡಿದುಕೊಂಡು ಬರುವ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ. ಫಾರಿನರ್ ಬರುತ್ತಾನೆ ಎಂದು ಎಲ್ಲ ಕೋಚ್‌ಗಳೂ 16ರ ಹುಡುಗರನ್ನು ಬದಿಗೆ ಕಳಿಸುತ್ತಾ ಹೋದರೆ ಆಮೇಲೆ ಗೋಲು ಹೊಡೆಯುವವರು ಯಾರು? ಆಗಿರುವುದೂ ಅದೇ. ಛೆಟ್ರಿ 2024ರ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಆಡಿ ದೇಶದ ತಂಡಕ್ಕೆ ವಿದಾಯ ಹೇಳಿದ. ಆ ಪಂದ್ಯವೂ 0-0. ಆಗ ಅವನ ಲೆಕ್ಕ 151 ಪಂದ್ಯ, 94 ಗೋಲು. ಒಂದು ವರ್ಷ ಕೂಡ ಆಗಲಿಲ್ಲ, 2025ರ ಮಾರ್ಚ್‌ನಲ್ಲಿ 40ರ ಅವನನ್ನೇ ವಾಪಸ್ ಕರೆದರು. ಬಂದವನು ಶಿಲ್ಲಾಂಗ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ಮತ್ತೊಂದು ಹೊಡೆದ. ಆ ಸೀಸನ್ನಿನ ಐಎಸ್‌ಎಲ್‌ನಲ್ಲೂ 14 ಗೋಲು ಹೊಡೆದು ನಮ್ಮವರಲ್ಲಿ ಮೊದಲಿಗ ಅವನೇ. ಇದನ್ನು ನೋಡಿ ಖುಷಿ ಪಡುವುದೋ ಬೇಜಾರು ಮಾಡಿಕೊಳ್ಳುವುದೋ ನೀವೇ ಹೇಳಿ.

ಯಾವ ವಯಸ್ಸಿಗೆ ಗೊತ್ತಾಗುತ್ತದೆ ಎಂದು ಕೇಳಿದಿರಲ್ಲ ಮಾವ, ಅದಕ್ಕೆ ನನ್ನ ಉತ್ತರ, 16ಕ್ಕಂತೂ ಅಲ್ಲ. ಇಂಗ್ಲೆಂಡಿನ ಸ್ಟ್ರೈಕರ್ ಜೇಮಿ ವಾರ್ಡಿಯನ್ನು ಶೆಫೀಲ್ಡ್ ವೆನ್ಸ್‌ಡೇ ಕ್ಲಬ್ಬಿನವರು ಸರಿಯಾಗಿ ಇದೇ 16ರ ವಯಸ್ಸಿನಲ್ಲಿ ಗಿಡ್ಡ ಎಂದು ಹೊರಗೆ ಹಾಕಿದರು. ಅವನು ಫ್ಯಾಕ್ಟರಿಯಲ್ಲಿ ಕೆಲಸಕ್ಕೆ ಸೇರಿ, ಕೈಕಾಲಿಗೆ ಕಟ್ಟುವ ಆಸರೆಗಳನ್ನು ತಯಾರು ಮಾಡುತ್ತಾ, ಸಂಜೆ ಸ್ಟಾಕ್ಸ್‌ಬ್ರಿಜ್ ಎಂಬ ಸಣ್ಣ ಕ್ಲಬ್ಬಿನಲ್ಲಿ ಆಡುತ್ತಿದ್ದ. ವಾರಕ್ಕೆ 30 ಪೌಂಡ್. ಅಲ್ಲಿಂದ ಹ್ಯಾಲಿಫ್ಯಾಕ್ಸ್, ಫ್ಲೀಟ್‌ವುಡ್, 2012ರಲ್ಲಿ 25 ವರ್ಷಕ್ಕೆ ಲೆಸ್ಟರ್ ಸಿಟಿ. ಅಲ್ಲಿ ಮೊದಲ ವರ್ಷ ಅಂಥ ಚಂದವೇನೂ ಆಗಲಿಲ್ಲ. 2013ರಲ್ಲಿ ವಾಟ್‌ಫರ್ಡ್ ವಿರುದ್ಧದ ಪ್ಲೇಆಫ್‌ನಲ್ಲಿ ಲೆಸ್ಟರ್‌ನ ಬೆಂಚಿನ ಮೇಲೆ ಕೂತಿದ್ದವರು ಯಾರು ಗೊತ್ತಾ? ವಾರ್ಡಿ, ಮತ್ತೆ ಬೇರೆ ಕ್ಲಬ್ಬಿನಿಂದ ಲೋನ್ ಮೇಲೆ ಬಂದಿದ್ದ, ಆಮೇಲೆ ಇಂಗ್ಲೆಂಡಿನ ದೊಡ್ಡ ಸ್ಟ್ರೈಕರ್ ಆದ ಹ್ಯಾರಿ ಕೇನ್. ಇಬ್ಬರೂ! ಮೂರು ವರ್ಷ ಕಳೆಯುವಾಗ ಲೆಸ್ಟರ್ ಪ್ರೀಮಿಯರ್ ಲೀಗ್ ಗೆದ್ದಿತು. ಆ ಸೀಸನ್ನಿನಲ್ಲಿ ವಾರ್ಡಿ ಸತತ 11 ಪಂದ್ಯಗಳಲ್ಲಿ ಗೋಲು ಹೊಡೆದ. 2019-20ರಲ್ಲಿ, 33ರ ವಯಸ್ಸಿನಲ್ಲಿ, 23 ಗೋಲು ಹೊಡೆದು ಗೋಲ್ಡನ್ ಬೂಟ್. 2025ರಲ್ಲಿ ಲೆಸ್ಟರ್ ಬಿಡುವಾಗ ಆ ಕ್ಲಬ್ಬಿಗೆ 500 ಪಂದ್ಯ, 200 ಗೋಲು.

ಜರ್ಮನಿಯ ಕ್ಲೋಸೆ ಕೂಡ ಹಾಗೇ. ಬಡಗಿ ಕೆಲಸ ಕಲಿತವನು, 20ರ ಹತ್ತಿರ ಬರುವವರೆಗೂ ಊರ ಮಟ್ಟದ ಲೀಗಿನಲ್ಲಿ ಆಡಿದವನು. ವಿಶ್ವಕಪ್‌ನಲ್ಲಿ 16 ಗೋಲು ಹೊಡೆದು ದಾಖಲೆ ಮಾಡುವಾಗ ಅವನಿಗೆ 36.

ದೂರದ ಮಾತು ಬೇಡ ಅನ್ನುವುದಾದರೆ ನಮ್ಮ ಪಕ್ಕದ್ದೇ ಹೇಳುತ್ತೇನೆ. ಮಂಗಳೂರು ಸೆಂಟ್ರಲ್‌ನಿಂದ ಕಣ್ಣೂರಿನ ಲೋಕಲ್ ಟ್ರೈನ್ ಹತ್ತಿದರೆ ಕಾಸರಗೋಡು, ಕಾಞಂಗಾಡು ಕಳೆದು ತೃಕ್ಕರಿಪುರ ಸಿಗುತ್ತದೆ. ಮೊಹಮ್ಮದ್ ರಾಫಿ ಅಲ್ಲಿಯವನು. ಸ್ಟೇಟ್ ಬ್ಯಾಂಕ್ ಆಫ್ ಟ್ರಾವಂಕೂರ್ ತಂಡದಿಂದ ಬೆಳೆದು ಮಹೀಂದ್ರಾ ಯುನೈಟೆಡ್ ಸೇರಿದ. ಐಎಸ್‌ಎಲ್‌ಗೆ ಮೊದಲು ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್‌ನಲ್ಲಿ 2009-10ರಲ್ಲಿ 14 ಗೋಲು, ಭಾರತೀಯರಲ್ಲಿ ಅವನೇ ಮುಂದೆ. ಓಡಿ ಡಿಫೆಂಡರ್‌ಗಳನ್ನು ಹಿಂದೆ ಹಾಕುವವನಲ್ಲ, ತಲೆ ಅವನ ಆಸ್ತಿ. ಐಎಸ್‌ಎಲ್ ಬಂದಾಗ ವಯಸ್ಸು 32 ಆಗಿತ್ತು. ಆದರೂ 2016ರ ಫೈನಲ್‌ನಲ್ಲಿ ಕೊಚ್ಚಿಯಲ್ಲಿ ಕೇರಳ ಬ್ಲಾಸ್ಟರ್ಸ್‌ಗೆ ಮೊದಲ ಗೋಲು ಹೊಡೆದದ್ದು ಅವನೇ, ಕಾರ್ನರ್‌ಗೆ ತಲೆ ಕೊಟ್ಟು. ಪೆನಾಲ್ಟಿಯಲ್ಲಿ ಬ್ಲಾಸ್ಟರ್ಸ್ ಸೋತಿತು, ಅದು ಬೇರೆ ವಿಷಯ. (2014ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದವನು ಮೊಹಮ್ಮದ್ ರಫೀಕ್, ಆ ಜನ ಬೇರೆ. ಟೀ ಅಂಗಡಿಯಲ್ಲಿ ಈ ಇಬ್ಬರನ್ನು ಒಬ್ಬನೇ ಮಾಡಿ ಮಾತಾಡುವವರು ತುಂಬ ಜನ ಸಿಗುತ್ತಾರೆ.)

ಮತ್ತೆ ಮಾವಂದಿರ ವಿಷಯ. ಐವರಿ ಕೋಸ್ಟಿನ ಹೆಸರಾಂತ ಸ್ಟ್ರೈಕರ್ ಡ್ರೋಗ್ಬಾನನ್ನು ಐದು ವರ್ಷಕ್ಕೇ ಫ್ರಾನ್ಸಿನಲ್ಲಿ ಫುಟ್ಬಾಲ್ ಆಡುತ್ತಿದ್ದ ಅವನ ಅಂಕಲ್ ಹತ್ತಿರ ಕಳಿಸಿದ್ದರು. ಹುಡುಗ ರೈಟ್ ಬ್ಯಾಕ್ ಆಡುತ್ತಿದ್ದದ್ದನ್ನು ನೋಡಿ, ಹಿಂದೆ ನಿಂತು ಎಂತ ಮಾಡುತ್ತೀ, ಮುಂದೆ ಹೋಗು ಎಂಬ ಅರ್ಥದಲ್ಲಿ ಬುದ್ಧಿ ಹೇಳಿದ್ದು ಆ ಅಂಕಲ್ಲೇ. ನಿಮ್ಮ ಕಥೆ ತಲೆಕೆಳಗಾಗಿದೆ ಅಷ್ಟೇ. ಅಳಿಯಸಂತಾನದ ನಾಡಿನಲ್ಲಿ ಅಳಿಯನ ವಿಷಯಕ್ಕೆ ಮಾವನ ಮಾತೇ ಕೊನೆಯದು, ಹೋಗಿ ಕೋಚ್ ಹತ್ತಿರ ಮಾತಾಡಿ.

ಬೆಂಗ್ರೆ ಬೆಂಚ್:

ಗ್ಯಾಲರಿಯವರೇ, ವಾರ್ಡಿಯ ಕಥೆ ಎಲ್ಲರೂ ಹೇಳುತ್ತಾರೆ. ಆದರೆ ಅವನು ಬೆಳೆದ ಜಾಗದಲ್ಲಿ ಕೆಳಗಿನಿಂದ ಮೇಲಿನವರೆಗೆ ಲೀಗ್ ಇದೆ. ಕೆಳಗೆ ಆಡುವವನಿಗೂ ಪ್ರತೀ ಶನಿವಾರ ಮ್ಯಾಚ್ ಗ್ಯಾರಂಟಿ, ನೋಡುವವರು ಬರುತ್ತಾರೆ, ಗೋಲು ಹೊಡೆದರೆ ಮೇಲಿನವರಿಗೆ ಸುದ್ದಿ ಹೋಗುತ್ತದೆ. ನಮ್ಮಲ್ಲಿ ಮಳೆ ಬಂದಾಗ ಟೂರ್ನಮೆಂಟ್, ಇಂಡಿಪೆಂಡೆನ್ಸ್ ಕಪ್ ಮುಗಿದರೆ ಕಾಲೇಜು ಟೀಮು, ಆಮೇಲೆ ಟರ್ಫು. 22ಕ್ಕೆ ಕೆಲಸ ಹುಡುಕು ಎಂದು ಮನೆಯಲ್ಲಿ ಶುರು ಮಾಡುತ್ತಾರೆ. 25ರವರೆಗೆ ಕಾಯುವ ಸ್ಟ್ರೈಕರ್ ಅಲ್ಲಿ ಇರುತ್ತಾನೆ, ಇಲ್ಲಿ ಎಲ್ಲಿ ಇರಬೇಕು?

ನೀವು ಹೇಳಿದ ಡ್ರೋಗ್ಬಾ ಕೂಡ ನನ್ನ ಮಾತಿಗೇ ಸಾಕ್ಷಿ. ರೈಟ್ ಬ್ಯಾಕ್ ಆಗಿದ್ದವನು ಮುಂದೆ ಬಂದ ಎಂದರೆ ಹಿಂದಿನಿಂದ ಮುಂದಕ್ಕೆ ದಾರಿ ಉಂಟು ಎಂದಾಯಿತು. ಅವನಿಗೆ ಮೊದಲ ಪ್ರೊಫೆಷನಲ್ ಕಾಂಟ್ರಾಕ್ಟ್ ಸಿಕ್ಕಿದ್ದೂ 21ಕ್ಕೆ. ಫ್ರಾನ್ಸಿನ ಸ್ಟ್ರೈಕರ್ ಥಿಯರಿ ಆನ್ರಿ ಮೊನಾಕೊ ಕ್ಲಬ್ಬಿನಲ್ಲಿ ಬದಿಯಲ್ಲಿ ಆಡುತ್ತಿದ್ದವನು, ಯುವೆಂಟಸ್‌ನಲ್ಲೂ ಹಾಗೇ. 1999ರಲ್ಲಿ ಆರ್ಸೆನಲ್‌ಗೆ ಬಂದ ಮೇಲೆ ಅಲ್ಲಿನ ಕೋಚ್ ವೆಂಗರ್ ಅವನನ್ನು ನಡುವೆ ನಿಲ್ಲಿಸಿದರು. ಶುರುವಿನ ಎಂಟು ಪಂದ್ಯ ಗೋಲೇ ಇಲ್ಲ. ಕೊನೆಗೆ ಆ ಕ್ಲಬ್ಬಿಗೆ 228 ಗೋಲು.

ಸುರತ್ಕಲ್ ಮಾವ:

ಇಬ್ಬರಿಗೂ ಥ್ಯಾಂಕ್ಸ್. ನಿಮ್ಮ ಜಗಳವನ್ನು ಅಳಿಯನಿಗೂ ಓದಿಸಿದೆ. ಡ್ರೋಗ್ಬಾ ರೈಟ್ ಬ್ಯಾಕ್ ಆಗಿದ್ದ ಎಂದು ಕೇಳಿ ಊದಿದ ಮುಖ ಸ್ವಲ್ಪ ಸಡಿಲವಾಯಿತು.

ಇನ್ನೂ ಎರಡು ವಿಷಯ ಹೇಳಬೇಕಿತ್ತು. ಹುಡುಗ ಸ್ವಲ್ಪ ಸಣ್ಣಗಿದ್ದಾನೆ. ಹುಟ್ಟಿದ್ದು ನವೆಂಬರ್‌ನಲ್ಲಿ. ಎರಡು ವರ್ಷದ ಹಿಂದೆ ಇವನಷ್ಟೇ ಇದ್ದವರೆಲ್ಲ ಈಗ ಭುಜ ಅಗಲ ಮಾಡಿಕೊಂಡು ನಿಂತಿದ್ದಾರೆ, ಇವನು ತಾಗಿದರೆ ಬೀಳುತ್ತಾನೆ. ಮಂಡಿಯ ಕೆಳಗೆ ಆಗಾಗ ನೋವು ಅನ್ನುತ್ತಾನೆ. ಎರಡನೆಯದು, ಪರಿಚಯದ ಒಬ್ಬರು ಬೆಂಗಳೂರಿನ ಕ್ಲಬ್ಬಿಗೆ ಸ್ಟ್ರೈಕರ್ ಆಗಿಯೇ ಸೇರಿಸುತ್ತೇನೆ, ಸ್ವಲ್ಪ ಖರ್ಚಾಗುತ್ತದೆ ಅಂತಿದ್ದಾರೆ.

ಮಣಿಪಾಲ ಫಿಸಿಯೋ:

ಮೊದಲು ಮಂಡಿ. ಬೆಳೆಯುವ ವಯಸ್ಸಿನಲ್ಲಿ, ಓಡಿ ಜಿಗಿಯುವ ಮಕ್ಕಳಿಗೆ ಮಂಡಿಚಿಪ್ಪಿನ ಕೆಳಗೆ ಎಲುಬು ಉಬ್ಬಿ ನೋವು ಬರುವುದು ಸಾಮಾನ್ಯ. ಆಸ್‌ಗುಡ್-ಶ್ಲಾಟರ್ ಎನ್ನುತ್ತಾರೆ. ಬೆಳವಣಿಗೆ ನಿಂತ ಮೇಲೆ ಜಾಸ್ತಿ ಜನರಿಗೆ ತಾನಾಗಿ ಕಡಿಮೆಯಾಗುತ್ತದೆ. ನಿಮ್ಮ ಹುಡುಗನಿಗೆ ಇರುವುದು ಅದೇ ಎಂದು ನಾನು ಇಲ್ಲಿ ಕೂತು ಹೇಳುವುದಿಲ್ಲ, ಮೂಳೆ ಡಾಕ್ಟರಿಗೆ ಒಮ್ಮೆ ತೋರಿಸಿ. ನೋವು ಇದ್ದಾಗ ಸ್ಪ್ರೇ ಹೊಡೆದು ಆಡಿಸಬೇಡಿ.

ಇನ್ನು ನವೆಂಬರ್. ಇದು ನೀವು ಅಂದುಕೊಂಡದ್ದಕ್ಕಿಂತ ದೊಡ್ಡ ವಿಷಯ. ಫುಟ್ಬಾಲಿನಲ್ಲಿ ವಯಸ್ಸಿನ ಗುಂಪು ಮಾಡುವುದು ಸಾಮಾನ್ಯವಾಗಿ ಜನವರಿ 1ರಿಂದ. ಜನವರಿಯಲ್ಲಿ ಹುಟ್ಟಿದವನೂ ನವೆಂಬರ್‌ನಲ್ಲಿ ಹುಟ್ಟಿದವನೂ ಒಂದೇ ಗುಂಪು, ಆದರೆ ನಡುವೆ ಹತ್ತು ತಿಂಗಳ ಬೆಳವಣಿಗೆ. 13, 14ರಲ್ಲಿ ಹತ್ತು ತಿಂಗಳು ಎಂದರೆ ಎಷ್ಟೋ ಸೆಂಟಿಮೀಟರ್, ಎಷ್ಟೋ ಕಿಲೋ. ಎಷ್ಟೋ ದೇಶಗಳ ಅಕಾಡೆಮಿಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಸಿಗುತ್ತಾರೆ ಎಂಬುದು ತುಂಬಾ ಸಲ ಕಂಡುಬಂದ ಸಂಗತಿ. ಅವರಲ್ಲಿ ಪ್ರತಿಭೆ ಜಾಸ್ತಿ ಎಂದಲ್ಲ, ಆಯ್ಕೆಯ ದಿನ ಅವರು ದೊಡ್ಡವರಾಗಿ ಕಾಣುತ್ತಾರೆ ಅಷ್ಟೇ. ನಮ್ಮಲ್ಲಿ ಇದರ ಮೇಲೆ ವಯಸ್ಸು ಸುಳ್ಳು ಬರೆಸುವ ರೋಗ ಬೇರೆ. 16ರ ಟೂರ್ನಮೆಂಟಿನಲ್ಲಿ ಮೀಸೆ ತಿರುವುವವರು ಇರುತ್ತಾರೆ. ಸ್ಟ್ರೈಕರ್‌ಗೆ ಈ ಪೆಟ್ಟು ಜಾಸ್ತಿ, ಯಾಕೆಂದರೆ ಅವನು ಬೆನ್ನು ತಿರುಗಿಸಿ ನಿಂತು ದೊಡ್ಡ ಡಿಫೆಂಡರ್‌ನನ್ನು ತಡೆಯಬೇಕು. ಮುಂದಿನ ಎರಡು ವರ್ಷದಲ್ಲಿ ನಿಮ್ಮ ಹುಡುಗನ ಮೈ ಹೇಗೆ ಬರುತ್ತದೆ ಎಂದು ಕೋಚ್‌ಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅಲ್ಲಿಯವರೆಗೆ ರೈಟ್ ಬ್ಯಾಕ್ ಆಡಿದರೆ ಅವನಿಗೆ ಆಟವನ್ನು ಎದುರಿನಿಂದ ನೋಡುವ ಅವಕಾಶ ಸಿಗುತ್ತದೆ. ದೇಹದ ದೃಷ್ಟಿಯಿಂದ ನನ್ನ ಓಟು ಕೋಚ್‌ಗೆ.

ವೃತ್ತಿ ಎಷ್ಟು ವರ್ಷ ಎಂಬುದನ್ನು ತೀರ್ಮಾನ ಮಾಡುವುದು ಗಾಯ. ಮಿಜೋರಾಂನ ಸ್ಟ್ರೈಕರ್ ಜೇಜೆ ಗೊತ್ತಲ್ಲ, ದೇಶಕ್ಕೆ 23 ಗೋಲು, ಚೆನ್ನೈಯಿನ್ ಜೊತೆ 2015ರಲ್ಲೂ 2018ರಲ್ಲೂ ಐಎಸ್‌ಎಲ್ ಗೆದ್ದವನು. ಮಂಡಿ ಕೈಕೊಟ್ಟಿತು. ಆಮೇಲೆ ಹಳೆಯ ಜೇಜೆ ಬರಲೇ ಇಲ್ಲ. 2023ರಲ್ಲಿ 32ಕ್ಕೆ ಆಟ ಬಿಟ್ಟ, ಅದೇ ವರ್ಷ ಶಾಸಕನಾದ. ಹಾಲೆಂಡಿನ ಸ್ಟ್ರೈಕರ್ ವ್ಯಾನ್ ಬಾಸ್ಟೆನ್‌ನದು ಇನ್ನೂ ಕಷ್ಟ. ಕಣಕಾಲಿನ ನೋವಿನಿಂದ 1993ರಲ್ಲಿ, 28ರ ವಯಸ್ಸಿನಲ್ಲಿ ಕೊನೆಯ ಪಂದ್ಯ. ಮಂಡಿಯ ಒಳಗಿನ ಎಸಿಎಲ್ ಎಂಬ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ಕಟ್ಟು) ಹರಿದರೆ ಆಪರೇಷನ್ ಆದ ಮೇಲೆ ಕನಿಷ್ಠ ಒಂಬತ್ತು ತಿಂಗಳು ಹೊರಗೆ. ಸ್ಟ್ರೈಕರ್‌ಗೆ ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಕೂಡ ಶತ್ರು, ಯಾಕೆಂದರೆ ಅವನು ನಿಂತಲ್ಲಿಂದ ಒಮ್ಮೆಲೇ ಫುಲ್ ಸ್ಪೀಡಿಗೆ ಹೋಗುವವನು.

ನಮ್ಮ ಕಡೆಯ ಮೈದಾನಗಳ ಕಥೆ ನಿಮಗೆ ಗೊತ್ತು. ಮಳೆಗಾಲದಲ್ಲಿ ಕಾಲು ಹೂತುಹೋಗುವ ಕೆಸರು, ಮಾರ್ಚ್‌ನಲ್ಲಿ ಅದೇ ಮಣ್ಣು ಕಲ್ಲು. ಎರಡಕ್ಕೂ ಒಂದೇ ಶೂ ಹಾಕಿಸಬೇಡಿ. ಫಿಫಾ 11+ ಎಂಬ ವಾರ್ಮ್‌ಅಪ್ ಇದೆ, 20 ನಿಮಿಷದ್ದು, ಉಪಕರಣ ಏನೂ ಬೇಡ, ವಿಡಿಯೋ ಸುಲಭವಾಗಿ ಸಿಗುತ್ತದೆ. ಅದರಿಂದ ಗಾಯ ಕಡಿಮೆಯಾಗುವುದು ಪರೀಕ್ಷೆ ಮಾಡಿ ಸಾಬೀತಾಗಿದೆ. ಆದರೂ ಮೈದಾನಕ್ಕೆ ಬಂದ ಕೂಡಲೇ ಗೋಲ್ ಕಡೆಗೆ ಜೋರಾಗಿ ಒದೆಯುವುದನ್ನೇ ನಮ್ಮ ಹುಡುಗರು ವಾರ್ಮ್‌ಅಪ್ ಎಂದುಕೊಂಡಿದ್ದಾರೆ.

ಬೆಂಗ್ರೆ ಬೆಂಚ್:

ಫಿಸಿಯೋ ಸರ್, ಕೊನೆಯ ಮಾತು ನೂರಕ್ಕೆ ನೂರು.

ನಾನು ಟರ್ಫ್ ಬಗ್ಗೆ ಹೇಳಬೇಕು. ಈಗ ಪ್ರತೀ ಏರಿಯಾದಲ್ಲಿ ಒಂದು ಟರ್ಫ್ ಆಗಿದೆ, ಗಂಟೆಯ ಲೆಕ್ಕಕ್ಕೆ ಬಾಡಿಗೆ, ರಾತ್ರಿ ಲೈಟ್ ಹಾಕಿ ಐದೈದು ಜನ ಆಡುವುದು. ಗಮ್ಮತ್ತಿದೆ, ನಾನೂ ಆಡುತ್ತೇನೆ. ಆದರೆ ಸ್ಟ್ರೈಕರ್ ಆಗಬೇಕು ಅನ್ನುವವನಿಗೆ ಅದೊಂದೇ ಆಟವಾದರೆ ಕಷ್ಟ, ಯಾಕೆಂದರೆ ಪಾಸ್ ಬರುವ ಮೊದಲೇ ಡಿಫೆಂಡರ್‌ಗಳನ್ನು ದಾಟಿ ನಿಲ್ಲಬಾರದು ಎಂಬ ಆಫ್‌ಸೈಡ್ ನಿಯಮ ಅಲ್ಲಿ ಇಲ್ಲ. ಗೋಲಿನ ಹತ್ತಿರ ಹೋಗಿ ನಿಂತರೆ ಚೆಂಡು ಬರುತ್ತದೆ. 105 ಮೀಟರ್ ಉದ್ದದ ಮೈದಾನದಲ್ಲಿ ಡಿಫೆಂಡರ್‌ನ ಕಣ್ಣಿಗೆ ಬೀಳದ ಹಾಗೆ ಅವನ ಬೆನ್ನ ಹಿಂದೆ ನಿಲ್ಲುವುದು, ಪಾಸ್ ಕೊಡುವವನು ತಲೆ ಎತ್ತಿದ ಕ್ಷಣಕ್ಕೆ ಓಡುವುದು, ಅರ್ಧ ಹೆಜ್ಜೆ ಮೊದಲು ಹೋದರೆ ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ, ಅರ್ಧ ಹೆಜ್ಜೆ ತಡವಾದರೆ ಡಿಫೆಂಡರ್ ಬಂದಿರುತ್ತಾನೆ, ಈ ಅಂದಾಜು ಟರ್ಫಿನಲ್ಲಿ ಬರುವುದೇ ಇಲ್ಲ. ಮಲಬಾರ್ ಕಡೆಯ, ಏಳೇಳು ಜನ ಆಡುವ ಸೆವೆನ್ಸ್‌ಗೂ ಹುಡುಗರು ಹೋಗುತ್ತಾರೆ, ಕೈಗೆ ದುಡ್ಡು ಸಿಗುತ್ತದೆ, ಜನ ಸೇರುತ್ತಾರೆ, ಹೆಸರೂ ಆಗುತ್ತದೆ. ಆದರೆ ಅಲ್ಲಿ ಬೀಳುವ ಒದೆಗೆ ಯಾರ ಜವಾಬ್ದಾರಿಯೂ ಇಲ್ಲ. 16ಕ್ಕೆ ಬೇಡ.

ಇನ್ನೊಂದು. ಎಷ್ಟು ಗೋಲು ಹೊಡೆದ ಎಂದು ಕೇಳಬೇಡಿ, ಯಾರ ಮೇಲೆ ಹೊಡೆದ ಎಂದು ಕೇಳಿ. ಮೊದಲ ರೌಂಡಿನಲ್ಲಿ 9-0 ಗೆದ್ದ ಮ್ಯಾಚಿನಲ್ಲಿ ಐದು ಹೊಡೆದದ್ದಕ್ಕಿಂತ ಸೆಮಿಫೈನಲ್‌ನಲ್ಲಿ ಒಂದು ಸಲ ಡಿಫೆಂಡರ್‌ನನ್ನು ಬಿಡಿಸಿಕೊಂಡು ಪೋಸ್ಟಿಗೆ ಹೊಡೆದದ್ದು ನೋಡುವವರ ಕಣ್ಣಿಗೆ ಬೀಳುತ್ತದೆ.

ಉಳ್ಳಾಲದ ಅಮ್ಮ:

ಸುರತ್ಕಲ್ ಅಣ್ಣ, ನನ್ನ ದೊಡ್ಡ ಮಗ ಕೂಡ ಫುಟ್ಬಾಲ್ ಹಿಂದೆ ಹೋದವನು, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲಿ ಯಾರೂ ಓದಿನ ಮಾತು ಎತ್ತಲಿಲ್ಲ. ಯಾವುದೇ ಜಾಗದಲ್ಲಿ ಆಡಲಿ, ಡಿಗ್ರಿ ಬಿಡಿಸಬೇಡಿ. ಕ್ಲಬ್ಬುಗಳನ್ನು ನಂಬಿ ಕೂರುವ ಹಾಗಿಲ್ಲ. ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು, ಛೆಟ್ರಿ ಆಡಿದ ಜೆಸಿಟಿ 2011ರಲ್ಲಿ. ದೊಡ್ಡ ಕಂಪನಿಗಳು ನಡೆಸುತ್ತಿದ್ದ ಟೀಮುಗಳು ಇವು. 2025ರಲ್ಲಿ ಒಪ್ಪಂದದ ಗಲಾಟೆಯಿಂದ ಐಎಸ್‌ಎಲ್ ಕೂಡ ಶುರುವಾಗದೆ ನಿಂತಿತು, ಆಡುವ ಹುಡುಗರು ತಿಂಗಳುಗಟ್ಟಲೆ ಏನೂ ಗೊತ್ತಿಲ್ಲದೆ ಕಾದರು. ಅವರ ಮನೆಯವರ ಸ್ಥಿತಿ ಹೇಗಿರಬೇಕು ಹೇಳಿ.

ಇದಕ್ಕೆ ಬದಲಾಗಿ ಸ್ಪೋರ್ಟ್ಸ್ ಕೋಟಾದ ದಾರಿ ಇನ್ನೂ ಉಂಟು. ರೈಲ್ವೆ, ಮಿಲಿಟರಿ, ಪೊಲೀಸ್. ಐ.ಎಂ. ವಿಜಯನ್ ಎಂಥ ಸ್ಟ್ರೈಕರ್! ತ್ರಿಶ್ಶೂರಿನ ಸ್ಟೇಡಿಯಂನಲ್ಲಿ ಸೋಡಾ ಮಾರುತ್ತಿದ್ದ ಹುಡುಗ, ಅವರಿಗೂ ಬದುಕು ಕೊಟ್ಟದ್ದು ಕೇರಳ ಪೊಲೀಸ್ ಟೀಮೇ. ಇಂಥ ಕೆಲಸಕ್ಕೆ ಯೂನಿವರ್ಸಿಟಿ ಟೀಮು, ರಾಜ್ಯದ ಟೀಮು, ಇವುಗಳ ಸರ್ಟಿಫಿಕೇಟ್ ಬೇಕು. ಯೂನಿವರ್ಸಿಟಿಗೆ ಆಡಬೇಕಾದರೆ ಕಾಲೇಜಿನಲ್ಲಿ ಇರಬೇಕು ಅಲ್ವಾ. ಕರ್ನಾಟಕ 2023ರಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತಲ್ಲ, 54 ವರ್ಷದ ನಂತರ. ಅಂಥ ರಾಜ್ಯದ ಟೀಮಿಗೆ ಕರೆ ಬಂದರೆ ಸ್ಟ್ರೈಕರಾ ರೈಟ್ ಬ್ಯಾಕಾ ಎಂದು ಸರ್ಟಿಫಿಕೇಟಿನಲ್ಲಿ ಬರೆದಿರುವುದಿಲ್ಲ.

ನನ್ನ ಮಗ ಗೋಲ್‌ಕೀಪರ್. ಅದರ ಸಂಕಟ ಇನ್ನೊಂದು ದಿನ ಹೇಳುತ್ತೇನೆ.

ಅಜ್ಜರಕಾಡು ಗ್ಯಾಲರಿ:

ಅಕ್ಕ ಹೇಳಿದ್ದಕ್ಕೆ ಎದುರು ಮಾತಿಲ್ಲ. ನನ್ನದು ಒಂದೇ ಬೇಡಿಕೆ. ಮಾವ, ಹುಡುಗ ಹಿಂದೆ ಆಡಲಿ, ಸರಿ. ಆದರೆ ಗೋಲು ಹೊಡೆಯುವ ಅಭ್ಯಾಸ ತಪ್ಪಿಸಬಾರದು. ಪ್ರಾಕ್ಟೀಸ್ ಮುಗಿದ ಮೇಲೆ ಅರ್ಧ ಗಂಟೆ, ಬರೀ ಎಡಗಾಲಿನಲ್ಲಿ. ಕೋಚ್ ತೋರಿಸಿದ ಕೊರತೆ ಅದೇ ತಾನೇ? ಗೋಲ್‌ನ ಅಗಲ 7.32 ಮೀಟರ್ ಉಂಟು, ಜೋರಾಗಿ ಹೊಡೆಯುವುದು ಬೇಡ, ಮೂಲೆಗೆ ಇಟ್ಟರೆ ಸಾಕು. ಪೆನಾಲ್ಟಿ, ಕಾರ್ನರ್ ಬಂದಾಗ ಮುಂದೆ ಹೋಗಲು ಬಿಡಿ ಎಂದು ಕೋಚ್ ಹತ್ತಿರ ಕೇಳಿ. ಮತ್ತೆ ಈ ಬದಲಾವಣೆ ಇಡೀ ವರ್ಷಕ್ಕಾ, ಅಥವಾ ಇಂಡಿಪೆಂಡೆನ್ಸ್ ಕಪ್ ಆದ ಮೇಲೆ ಮತ್ತೆ ನೋಡುತ್ತಾರಾ, ಅದನ್ನೂ ಈಗಲೇ ಕೇಳಿಬಿಡಿ.

ಸುರತ್ಕಲ್ ಮಾವ:

ನಾಳೆ ಕೋಚ್ ಹತ್ತಿರ ಹೋಗಿ ಇದನ್ನೇ ಕೇಳುತ್ತೇನೆ. ಹುಡುಗ ಟೀಮ್ ಬಿಡುವ ಮಾತು ಸದ್ಯಕ್ಕೆ ನಿಲ್ಲಿಸಿದ್ದಾನೆ, ಆದರೆ ರೈಟ್ ಬ್ಯಾಕ್ ಆಡುತ್ತೇನೆ ಎಂದೂ ಬಾಯಿಬಿಟ್ಟು ಹೇಳಿಲ್ಲ. ಕ್ಲಬ್ಬಿಗೆ ಸೇರಿಸುತ್ತೇನೆ ಅಂದವರ ವಿಷಯಕ್ಕೆ ಯಾರೂ ಉತ್ತರ ಕೊಡಲಿಲ್ಲ. ಅವರು ಅಡ್ವಾನ್ಸ್ ಕೇಳುತ್ತಿದ್ದಾರೆ.

ಬೆಂಗ್ರೆ ಬೆಂಚ್:

ಕೊಡಬೇಡಿ. ಬೇಕಾದ ಹುಡುಗನನ್ನು ಕ್ಲಬ್ ತಾನೇ ಕರೆಯುತ್ತದೆ, ಖರ್ಚೂ ತಾನೇ ಹಾಕುತ್ತದೆ. ಏಜೆಂಟ್ ಎಂದು ಹೇಳಿಕೊಂಡರೆ ಫಿಫಾ ಲೈಸೆನ್ಸ್ ತೋರಿಸಿ ಅನ್ನಿ, 2023ರಿಂದ ಅದಕ್ಕೆ ಪರೀಕ್ಷೆ ಬರೆದು ಪಾಸಾಗಬೇಕು, ಹೆಸರು ಫಿಫಾ ವೆಬ್‌ಸೈಟಿನಲ್ಲಿ ಸಿಗುತ್ತದೆ. ಏನಾದರೂ ಕಾಗದಕ್ಕೆ ಸಹಿ ಹಾಕಿಸಲು ಬಂದರೆ ವರ್ಷ ನೋಡಿ, 18 ತುಂಬದವನ ಕಾಂಟ್ರಾಕ್ಟ್ ಮೂರು ವರ್ಷಕ್ಕಿಂತ ಜಾಸ್ತಿ ಇರುವ ಹಾಗಿಲ್ಲ. ಮತ್ತೆ ಆ ಕ್ಲಬ್ಬಿನ ಹೆಸರು ಕೇಳಿ ನನಗೆ ಮೆಸೇಜ್ ಮಾಡಿ. ಅಲ್ಲಿ ಈಗ ಆಡುತ್ತಿರುವವರು ಪರಿಚಯ ಇದ್ದರೆ ವಿಚಾರಿಸಿ ಹೇಳುತ್ತೇನೆ.